ಎದುರಾಳಿಗೆ ಸಿಗುವುದು ಮೂರೇ ದಿನ: ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ತಂಡಗಳು ಅಫೆನ್ಸ್ ಬದಲಿಸುವ ಲೆಕ್ಕಾಚಾರ

ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಶುರುವಾಗುವುದು ಆಗಸ್ಟ್ ಕೊನೆಗೆ. ಅದರ ಸುದ್ದಿ ಮಾತ್ರ ವಸಂತದಲ್ಲೇ ಹೊರಬೀಳುತ್ತದೆ. ಹೊಸ ಕೋಚ್ ಬಂದಿದ್ದಾರೆ, ಇನ್ನು ತಂಡ ‘ಸ್ಪ್ರೆಡ್’ ಎಂಬ ಹರಡಿ ನಿಂತು ಆಡುವ ಆಕ್ರಮಣ ಪದ್ಧತಿ ಹಿಡಿಯುತ್ತದೆ ಎಂದು ಒಂದೂರಿನ ಪತ್ರಿಕೆ ಬರೆಯುತ್ತದೆ. ವರ್ಷಗಟ್ಟಲೆ ಸ್ಪ್ರೆಡ್ ಆಡಿ ಕೈಸೋತ ಇನ್ನೊಂದೂರಿನ ಶಾಲೆ ಅಜ್ಜಂದಿರ ಕಾಲದ ಓಟದ ಪದ್ಧತಿ ‘ವಿಂಗ್-ಟಿ’ಗೆ ವಾಪಸಾಗುತ್ತದೆ. ಎರಡೂ ಕಡೆ ಕೋಚ್ ಕೊಡುವ ಕಾರಣ ಹೆಚ್ಚುಕಡಿಮೆ ಒಂದೇ: ನಮ್ಮ ಹುಡುಗರಿಗೆ ಇದೇ ಹೊಂದುತ್ತದೆ. ಒಬ್ಬರು ಪೂರ್ವಕ್ಕೆ, ಇನ್ನೊಬ್ಬರು ಪಶ್ಚಿಮಕ್ಕೆ ಹೊರಟು ಇಬ್ಬರೂ ಸರಿಯಾದ ದಾರಿಯಲ್ಲೇ ಇದ್ದೇವೆ ಎನ್ನುವುದು ಹೇಗೆ ಸಾಧ್ಯ?

ಸಾಧ್ಯವಿದೆ. ಹೈಸ್ಕೂಲ್ ಮಟ್ಟದಲ್ಲಿ ಒಂದು ಆಕ್ರಮಣ ಪದ್ಧತಿಯ ಬೆಲೆಯನ್ನು ಅದರೊಳಗಿನ ಜಾಣ್ಮೆಗಿಂತ ಹೆಚ್ಚಾಗಿ ನಿರ್ಧರಿಸುವುದು ಬೇರೊಂದು ಸಂಗತಿ: ತನ್ನ ಲೀಗಿನ ಎಂಟು ಹತ್ತು ಶಾಲೆಗಳಲ್ಲಿ ಇನ್ನೆಷ್ಟು ಶಾಲೆಗಳು ಅದನ್ನೇ ಆಡುತ್ತಿವೆ ಎಂಬುದು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಆಟದ ನಿಯಮ ಗೊತ್ತಿದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಇದು ನಾವು ಫುಟ್‌ಬಾಲ್ ಎನ್ನುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಅಮೆರಿಕನ್ ಫುಟ್‌ಬಾಲ್. ಒಂದೊಂದು ಕಡೆ 11 ಮಂದಿ, 12 ನಿಮಿಷದ ನಾಲ್ಕು ಭಾಗ. ಚೆಂಡು ಕೈಯಲ್ಲಿರುವ ತಂಡ ಅಫೆನ್ಸ್, ತಡೆಯುವ ತಂಡ ಡಿಫೆನ್ಸ್. 10 ಗಜ ಮುನ್ನುಗ್ಗಲು ಅಫೆನ್ಸ್‌ಗೆ ನಾಲ್ಕು ಅವಕಾಶ. ನುಗ್ಗಿದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ನಡುವೆ ಐವರು ಲೈನ್‌ಮನ್‌ಗಳು ಸಾಲಾಗಿ ನಿಲ್ಲುತ್ತಾರೆ. ಇವರು ಭಾರೀ ಮೈಕಟ್ಟಿನವರು, ಚೆಂಡು ಮುಟ್ಟುವುದು ಅಪರೂಪ, ಎದುರಿನವರನ್ನು ತಳ್ಳಿ ದಾರಿ ಬಿಡಿಸುವುದೇ ಕೆಲಸ. ಅವರ ಹಿಂದೆ ಕ್ವಾರ್ಟರ್‌ಬ್ಯಾಕ್. ಹೆಚ್ಚೂಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಉಳಿದ ಐವರನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಎಲ್ಲ ಪದ್ಧತಿಗಳ ಜಗಳ.

ಈ ಜಗಳದ ಬುಡದಲ್ಲಿ ಒಂದು ಸಣ್ಣ ಲೆಕ್ಕವಿದೆ. ಚೆಂಡು ಹಿಡಿದು ಓಡುವವನು ಯಾರನ್ನೂ ತಳ್ಳಲಾರ. ಅವನಿಗೆ ಚೆಂಡು ಕೊಟ್ಟ ಕ್ವಾರ್ಟರ್‌ಬ್ಯಾಕ್ ಕೂಡ ಸಾಮಾನ್ಯವಾಗಿ ಅಲ್ಲೇ ನಿಂತು ನೋಡುತ್ತಾನೆ. ತಳ್ಳಲು ಉಳಿಯುವವರು ಒಂಬತ್ತು ಮಂದಿ, ಎದುರಿಗಿರುವವರು 11. ಡಿಫೆನ್ಸ್‌ಗೆ ಇಬ್ಬರು ಹೆಚ್ಚು. ಈ ಇಬ್ಬರನ್ನು ಲೆಕ್ಕದಿಂದ ಹೊರಗೆ ಹಾಕುವುದು ಹೇಗೆ? ನೂರು ವರ್ಷಗಳಿಂದ ಕೋಚ್‌ಗಳು ಕರಿಹಲಗೆಯ ಮೇಲೆ ಬಿಡಿಸಿರುವ ಚಿತ್ರಗಳೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

1960ರ ದಶಕದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಬಿಲ್ ಯೋಮನ್ ರೂಢಿಗೆ ತಂದ ‘ವೀರ್’ ಪದ್ಧತಿ ಒಂದು ಉತ್ತರ ಕೊಟ್ಟಿತು. ಡಿಫೆನ್ಸ್‌ನ ಒಬ್ಬನನ್ನು ಬೇಕೆಂದೇ ಯಾರೂ ಮುಟ್ಟುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡುತ್ತಿರುತ್ತಾನೆ. ಅವನು ಓಟಗಾರನ ಮೇಲೆ ಬಿದ್ದರೆ ಚೆಂಡನ್ನು ಕೊಡದೆ ತಾನೇ ಇಟ್ಟುಕೊಂಡು ಓಡುತ್ತಾನೆ. ಕ್ವಾರ್ಟರ್‌ಬ್ಯಾಕಿಗಾಗಿ ಕಾದು ನಿಂತರೆ ಓಟಗಾರನಿಗೆ ಕೊಟ್ಟುಬಿಡುತ್ತಾನೆ. ಏನೇ ಮಾಡಿದರೂ ಅವನದು ತಪ್ಪು. ಯಾರೂ ಕೈ ಹಚ್ಚದೆ ಒಬ್ಬ ಹೊರಗಾದ. ವಿಂಗ್-ಟಿ ಇದಕ್ಕಿಂತ ಹಳೆಯದು. 1950ರ ದಶಕದಲ್ಲಿ ಡೇವ್ ನೆಲ್ಸನ್ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ್ದು. ಅದರದು ಕಣ್ಕಟ್ಟಿನ ದಾರಿ. ಮೂವರು ಓಟಗಾರರು ಮೂರು ದಿಕ್ಕಿಗೆ, ಚೆಂಡು ತಮ್ಮ ಹೊಟ್ಟೆಯೊಳಗೇ ಇದೆ ಎಂಬಂತೆ ಬಗ್ಗಿ ಓಡುತ್ತಾರೆ. ಡಿಫೆನ್ಸ್‌ನ ಇಬ್ಬರು ಖಾಲಿ ಕೈಯವನನ್ನು ಅಟ್ಟಿಕೊಂಡು ಹೋದರೆ ಲೆಕ್ಕ ಸಮ.

ಸ್ಪ್ರೆಡ್ ಹೋಗುವುದು ಬೇರೆ ದಾರಿಯಲ್ಲಿ. ಮೂರು ನಾಲ್ಕು ಜನ ರಿಸೀವರ್‌ಗಳನ್ನು, ಅಂದರೆ ಎಸೆತ ಹಿಡಿಯುವವರನ್ನು, ಅಂಗಳದ ಎರಡೂ ಅಂಚಿಗೆ ಕಳುಹಿಸುತ್ತದೆ. ಡಿಫೆನ್ಸ್‌ನವರು ಅವರ ಹಿಂದೆ ಹೋಗಲೇಬೇಕು, ನಡುವೆ ಜಾಗ ತೆಳ್ಳಗಾಗುತ್ತದೆ. ಹೋಗದಿದ್ದರೆ ಚೆಂಡನ್ನು ಅಲ್ಲಿಗೇ ಎಸೆಯುವುದು. ರಿಚ್ ರೋಡ್ರಿಗೆಜ್ 1990ರ ದಶಕದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ವೀರ್‌ನ ಹಳೆಯ ಉಪಾಯವನ್ನು ಈ ಹರಡಿದ ನಿಲುವಿಗೆ ಕಸಿ ಮಾಡಿದರು. ಇಂದು ಯಾವ ರಾಜ್ಯಕ್ಕೆ ಹೋದರೂ ಹೈಸ್ಕೂಲ್ ಅಂಗಳದಲ್ಲಿ ಕಾಣುವ ‘ಜೋನ್ ರೀಡ್’ ಅದೇ.

ಸ್ಪ್ರೆಡ್ ಹೈಸ್ಕೂಲುಗಳಲ್ಲಿ ಇಷ್ಟು ಬೇರು ಬಿಡಲು ಅಂಗಳದ ಗೆರೆಗಳೂ ಕಾರಣ. ಇದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ಅಂಗಳದ ಅಗಲ ಎಲ್ಲ ಮಟ್ಟದಲ್ಲೂ 160 ಅಡಿ. ಚೆಂಡನ್ನು ಇಟ್ಟು ಆಟ ಶುರು ಮಾಡುವ ಹ್ಯಾಶ್ ಗುರುತುಗಳ ನಡುವಿನ ಅಂತರ ಮಾತ್ರ ಬೇರೆ ಬೇರೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಅದು 18 ಅಡಿ 6 ಇಂಚು, ಕಾಲೇಜಿನಲ್ಲಿ 40 ಅಡಿ. ಹೈಸ್ಕೂಲ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟವಾದ ಎನ್‌ಎಫ್‌ಎಚ್‌ಎಸ್‌ನ ನಿಯಮದಲ್ಲಿ ಈ ಗುರುತುಗಳು ಅಂಗಳವನ್ನು ಮೂರು ಸಮಪಾಲು ಮಾಡುತ್ತವೆ, ಅಂದರೆ 53 ಅಡಿ 4 ಇಂಚು. ಚೆಂಡು ಎಡಗುರುತಿನ ಮೇಲಿದ್ದರೆ ಬಲಗಡೆ 106 ಅಡಿ 8 ಇಂಚು ಬಯಲು. ಎನ್‌ಎಫ್‌ಎಲ್‌ನವರಿಗೆ ಒಂದು ಕಡೆ ಸಿಗುವ ಹೆಚ್ಚೆಂದರೆ ಹೆಚ್ಚು ಜಾಗ 89 ಅಡಿ ಚಿಲ್ಲರೆ. ಹದಿನಾರರ ಹುಡುಗ ಕಾಯಬೇಕಾದ ಬಯಲು ವೃತ್ತಿಪರ ಆಟಗಾರ ಕಾಯುವುದಕ್ಕಿಂತ ದೊಡ್ಡದು.

ಆದರೆ ಆ ಬಯಲಿನ ತುದಿಗೆ ಚೆಂಡು ತಲುಪಿಸಬೇಕಾದವನೂ ಹದಿನಾರರ ಹುಡುಗನೇ. ಅಷ್ಟು ದೂರ ನೇರವಾಗಿ, ಬಿರುಸಾಗಿ ಎಸೆಯುವ ತೋಳು ಎಲ್ಲ ಊರಲ್ಲೂ ಹುಟ್ಟುವುದಿಲ್ಲ. ತೋಳು ಸಾಲದಿದ್ದರೆ ಚೆಂಡು ಗಾಳಿಯಲ್ಲಿ ತೇಲುತ್ತದೆ, ಅಷ್ಟರಲ್ಲಿ ಡಿಫೆನ್ಸ್‌ನವನು ಬಂದು ಕಸಿದು ಎದುರು ದಿಕ್ಕಿಗೆ ಓಡಿಯೇ ಬಿಡುತ್ತಾನೆ. ಅದಕ್ಕೇ ಬಹಳಷ್ಟು ಹೈಸ್ಕೂಲ್ ಸ್ಪ್ರೆಡ್ ತಂಡಗಳು ದೂರದ ಎಸೆತಕ್ಕಿಂತ ಅಡ್ಡಕ್ಕೆ ಎಸೆಯುವ ಪುಟ್ಟ ‘ಸ್ಕ್ರೀನ್’ಗಳನ್ನೇ ನೆಚ್ಚುತ್ತವೆ. ಗ್ಯಾಲರಿಯಲ್ಲಿ ಕೂತ ಅಪ್ಪಂದಿರಿಗೆ ಇದು ಪುಕ್ಕಲುತನದಂತೆ ಕಾಣುತ್ತದೆ. ಕೋಚ್ ತನ್ನ ಹುಡುಗನ ತೋಳನ್ನು ಸರಿಯಾಗಿ ಅಳೆದಿದ್ದಾನೆ, ಅಷ್ಟೇ.

ಇಲ್ಲದ್ದನ್ನು ಲೆಕ್ಕ ಹಾಕುವುದು

ವೃತ್ತಿಪರ ತಂಡ ತನ್ನ ಪದ್ಧತಿಗೆ ಬೇಕಾದ ಆಟಗಾರನನ್ನು ಕೊಂಡು ತರುತ್ತದೆ. ಕಾಲೇಜು ಹುಡುಕಿ ತರುತ್ತದೆ. ಸರ್ಕಾರಿ ಹೈಸ್ಕೂಲ್ ತನ್ನ ವ್ಯಾಪ್ತಿಯ ಬೀದಿಗಳಲ್ಲಿ ಬೆಳೆದ ಮಕ್ಕಳನ್ನೇ ಕಟ್ಟಿಕೊಂಡು ಆಡಬೇಕು. ನಾನೂರು ಮಕ್ಕಳಿರುವ ಶಾಲೆಯಲ್ಲಿ ತೂಕವೂ ಇದ್ದು ಪಾದವೂ ಚುರುಕಾಗಿರುವ ಐವರು ಒಂದೇ ವರ್ಷ ಸಿಗುವುದು ಅದೃಷ್ಟ. ಸಿಕ್ಕರೂ ಮುಂದಿನ ವರ್ಷ ಅವರಲ್ಲಿ ಮೂವರು ಪಾಸಾಗಿ ಹೊರಟುಹೋಗಿರುತ್ತಾರೆ.

ಆಟಕ್ಕೆ ಬರುವವರ ಸಂಖ್ಯೆಯೂ ಮೊದಲಿನಷ್ಟಿಲ್ಲ. ಎನ್‌ಎಫ್‌ಎಚ್‌ಎಸ್ ಲೆಕ್ಕದಲ್ಲಿ 11 ಜನರ ಫುಟ್‌ಬಾಲ್ ಆಡುವ ಹುಡುಗರು 2008ರ ಸುಮಾರಿಗೆ 11 ಲಕ್ಷ ದಾಟಿದ್ದರು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 10 ಲಕ್ಷದ ಆಸುಪಾಸಿನಲ್ಲಿದೆ. ಹತ್ತಿರತ್ತಿರ 14 ಸಾವಿರ ಶಾಲೆಗಳಿಗೆ ಹಂಚಿದರೆ ಇದು ದೊಡ್ಡ ಕುಸಿತವೆನಿಸದು. ಆದರೆ ಸಣ್ಣ ಶಾಲೆಗೆ ಐದಾರು ಹುಡುಗರು ಕಡಿಮೆಯಾದರೂ ಲೈನ್ ಕಟ್ಟುವುದು ಕಷ್ಟ. ತಲೆಗೆ ಬೀಳುವ ಪೆಟ್ಟಿನ ಭಯದಿಂದ ಅಭ್ಯಾಸದ ರೀತಿಯೂ ಬದಲಾಗಿದೆ. ಕ್ಯಾಲಿಫೋರ್ನಿಯಾ 2014ರಲ್ಲಿ ಮಾಡಿದ ಕಾನೂನಿನ ಪ್ರಕಾರ ಋತುವಿನಲ್ಲಿ ವಾರಕ್ಕೆ ಎರಡೇ ದಿನ, ದಿನಕ್ಕೆ 90 ನಿಮಿಷ ಮೀರದಂತೆ ಮೈಗೆ ಮೈ ತಾಗಿಸಿ ಅಭ್ಯಾಸ ಮಾಡಬಹುದು. ತಳ್ಳಿ ದಾರಿ ಮಾಡುವ ಪದ್ಧತಿಗೆ ಡಿಕ್ಕಿಯೇ ಪಾಠ. ಎಸೆದು ಹಿಡಿಯುವುದನ್ನಾದರೆ ಚಡ್ಡಿ ಬನಿಯನ್ನಿನಲ್ಲಿ ಎಷ್ಟು ಹೊತ್ತು ಬೇಕಾದರೂ ಕಲಿಸಬಹುದು. ಕಾನೂನು ಯಾವ ಪದ್ಧತಿಯ ಹೆಸರನ್ನೂ ಎತ್ತದೆ ಸ್ಪ್ರೆಡ್‌ನ ಕಡೆಗೆ ತಕ್ಕಡಿ ಕೊಂಚ ವಾಲಿಸಿತು.

ಬೇಸಿಗೆಯ ‘ಸೆವೆನ್ ಆನ್ ಸೆವೆನ್’ ಕೂಡ ಅದೇ ಕಡೆ ವಾಲಿಸಿತು. ಲೈನ್‌ಮನ್‌ಗಳಿಲ್ಲದೆ, ಹೆಲ್ಮೆಟ್ ಪ್ಯಾಡ್‌ಗಳ ಭಾರವಿಲ್ಲದೆ, ಏಳು ಜನ ಎಸೆದು ಹಿಡಿದು ಆಡುವ ಆಟ ಅದು. ಟೆಕ್ಸಸ್‌ನಲ್ಲಿ ಇದರ ರಾಜ್ಯಮಟ್ಟದ ಪಂದ್ಯಾವಳಿ 1998ರಲ್ಲಿ ಶುರುವಾಯಿತು. ಜೂನ್ ಜುಲೈಯಿಡೀ ಹೀಗೆ ಆಡಿದ ಕ್ವಾರ್ಟರ್‌ಬ್ಯಾಕ್‌ಗೆ ಆಗಸ್ಟ್ ಬಂದಾಗ ನೂರಾರು ಎಸೆತಗಳ ರೂಢಿ ಇರುತ್ತದೆ. ಲೈನ್‌ಮನ್‌ಗೆ ಆ ಭಾಗ್ಯವಿಲ್ಲ. ಅವನ ಬೇಸಿಗೆಯೆಂದರೆ ಭಾರ ಎತ್ತುವ ಕೋಣೆ.

1958ರ ಮಿಡ್ಲ್‌ಟೌನ್

ಪದ್ಧತಿ ಬದಲಿಸಿ ಬಚಾವಾದ ಹೈಸ್ಕೂಲುಗಳ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಹಾಯೊ ರಾಜ್ಯದ ಮಿಡ್ಲ್‌ಟೌನ್‌ನದು. ಗ್ಲೆನ್ ‘ಟೈಗರ್’ ಎಲಿಸನ್ ಅಲ್ಲಿ ವರ್ಷಗಳಿಂದ ಕೋಚ್. ಒಹಾಯೊ ಆಗ ಮೂರು ಗಜ ತಳ್ಳುವುದು, ಮತ್ತೆ ಮೂರು ಗಜ ತಳ್ಳುವುದು ಎಂಬ ಆಟದ ತವರು. 1958ರಲ್ಲಿ ಮೊದಲ ಐದು ಪಂದ್ಯಗಳಲ್ಲಿ ತಂಡ ಒಂದನ್ನೂ ಗೆಲ್ಲಲಿಲ್ಲ. ನಾಲ್ಕು ಸೋಲು, ಒಂದು ಡ್ರಾ. ಆಗ ಎಲಿಸನ್ ‘ಲೋನ್‌ಸಮ್ ಪೋಲ್‌ಕ್ಯಾಟ್’ ಎಂಬ ವಿಚಿತ್ರ ನಿಲುವನ್ನು ತಂದರು. ಚೆಂಡು ಹಿಂದಕ್ಕೆ ಕೊಡುವ ಸೆಂಟರ್ ಒಂದೆಡೆ ಒಂಟಿ, ಉಳಿದ ಲೈನ್‌ಮನ್‌ಗಳು ದೂರದಲ್ಲೆಲ್ಲೋ, ಕ್ವಾರ್ಟರ್‌ಬ್ಯಾಕ್ ಹಿಂದೆ ಬಯಲಲ್ಲಿ ಓಡಾಡುತ್ತ ಯಾರು ಖಾಲಿ ಇದ್ದಾರೋ ಅವರಿಗೆ ಎಸೆಯುವುದು. ಉಳಿದ ಐದೂ ಪಂದ್ಯ ಗೆದ್ದರು.

ಜನ ಮರೆಯುವುದು ಆಮೇಲಿನದನ್ನು. ಗೆದ್ದ ಆ ನಿಲುವನ್ನು ಎಲಿಸನ್ ಹಾಗೇ ಮುಂದುವರಿಸಲಿಲ್ಲ. ಅದು ಒಂದು ಋತುವಿನ ಅರ್ಧಕ್ಕೆ ಸಾಕಾಗುವ ಚಮತ್ಕಾರ ಎಂದು ಅವರಿಗೇ ತಿಳಿದಿತ್ತು. ಮರುವರ್ಷಕ್ಕೆ ಅದರ ಸಾರವನ್ನಷ್ಟೇ ಇಟ್ಟುಕೊಂಡು, ಲೈನ್‌ಮನ್‌ಗಳನ್ನು ಅವರವರ ಜಾಗಕ್ಕೆ ಮರಳಿಸಿ, ರಿಸೀವರ್ ತನ್ನೆದುರಿನ ಡಿಫೆನ್ಸ್ ನೋಡಿ ಓಡುವ ದಾರಿಯನ್ನು ಆ ಕ್ಷಣಕ್ಕೆ ಬದಲಿಸುವ ‘ರನ್ ಆ್ಯಂಡ್ ಶೂಟ್’ ಪದ್ಧತಿಯನ್ನು ಕಟ್ಟಿದರು. ಒರೆಗಾನ್‌ನ ಹಿಲ್ಸ್‌ಬರೊ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದ ಮೌಸ್ ಡೇವಿಸ್ ಅದನ್ನು ಬೆಳೆಸಿ ಪೋರ್ಟ್‌ಲ್ಯಾಂಡ್ ಸ್ಟೇಟ್ ಕಾಲೇಜಿಗೆ ಒಯ್ದರು, ಅಲ್ಲಿಂದ ಅದು ವೃತ್ತಿಪರ ಅಂಗಳಕ್ಕೂ ಹತ್ತಿತು. ಹೊಸ ಪದ್ಧತಿಗಳು ಎನ್‌ಎಫ್‌ಎಲ್‌ನಿಂದ ಕೆಳಗಿಳಿದು ಬರುತ್ತವೆ ಎಂದುಕೊಂಡವರು ಗಮನಿಸಬೇಕು. ಸೋಲಿನಿಂದ ಬೇಸತ್ತ ಹೈಸ್ಕೂಲ್ ಕೋಚ್‌ನ ಹಲಗೆಯಿಂದ ಮೇಲೆ ಹತ್ತಿದವು ಕಡಿಮೆಯೇನಿಲ್ಲ. ಟೆಕ್ಸಸ್‌ನ ಕಾಪರಸ್ ಕೋವ್ ಎಂಬ ಸೋಲುವ ಶಾಲೆಗೆ 1986ರಲ್ಲಿ ಬಂದ ಹ್ಯಾಲ್ ಮಮ್ಮಿ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಎಸೆತದ ಆಟವನ್ನು ಅಭ್ಯಾಸ ಮಾಡಿ ತನ್ನ ಹುಡುಗರಿಗೆ ಕಲಿಸಿದರು. ಮುಂದೆ ಮೈಕ್ ಲೀಚ್ ಜೊತೆ ಸೇರಿ ಅವರು ಬೆಳೆಸಿದ ‘ಏರ್ ರೇಡ್’ ಎಂಬ ಎಸೆತದ ಪದ್ಧತಿ ಇವತ್ತು ಎಲ್ಲೆಡೆ ಇದೆ.

ವಾರದ ಪಂಚಾಂಗ

ಇನ್ನು ಮೂರು ದಿನದ ಮಾತಿಗೆ ಬರೋಣ. ಹೈಸ್ಕೂಲ್ ಪಂದ್ಯ ಸಾಮಾನ್ಯವಾಗಿ ಶುಕ್ರವಾರ ರಾತ್ರಿ. ಶನಿವಾರ ಮೈನೋವು, ವಿಡಿಯೋ. ಭಾನುವಾರ ಕೋಚ್‌ಗಳು ಮುಂದಿನ ಎದುರಾಳಿಯ ಆಟ ನೋಡಿ ಯೋಜನೆ ಬರೆಯುತ್ತಾರೆ. ಗುರುವಾರ ಹಗುರವಾಗಿ ನಡೆದಾಡಿ ನೆನಪು ಮಾಡಿಕೊಳ್ಳುವುದು. ನಿಜವಾದ ಅಭ್ಯಾಸ ಸೋಮವಾರ, ಮಂಗಳವಾರ, ಬುಧವಾರ. ಅದೂ ತರಗತಿ ಮುಗಿದ ಮೇಲೆ ಎರಡು ಎರಡೂವರೆ ಗಂಟೆ. ಟೆಕ್ಸಸ್‌ನಲ್ಲಂತೂ ಶಾಲಾ ವಾರದಲ್ಲಿ ತರಗತಿಯ ಹೊರಗೆ ಎಂಟು ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ.

ಈ ಮೂರು ದಿನ ಡಿಫೆನ್ಸ್‌ಗೆ ಎದುರಾಳಿಯ ಆಟ ತೋರಿಸುವವರು ಯಾರು? ತಮ್ಮದೇ ತಂಡದ ಎರಡನೇ ಸಾಲಿನ ಹುಡುಗರು, ‘ಸ್ಕೌಟ್ ಟೀಮ್’. ಕೋಚ್ ಹಿಡಿದ ಕಾರ್ಡಿನ ಚಿತ್ರ ನೋಡಿ ಅವರು ಎದುರಾಳಿಯ ಪಾತ್ರ ಮಾಡುತ್ತಾರೆ. ಎದುರಾಳಿಯೂ ಸ್ಪ್ರೆಡ್, ತಾವೂ ಸ್ಪ್ರೆಡ್ ಆದರೆ ಅವರು ಆ ಪಾತ್ರವನ್ನು ಚೆನ್ನಾಗಿಯೇ ಮಾಡಬಲ್ಲರು. ವಿಂಗ್-ಟಿ ಆಡುವ ಶಾಲೆ ಎದುರಾದರೆ? ಆ ಮೂವರು ಓಟಗಾರರ ಕಣ್ಕಟ್ಟು, ಗಾರ್ಡ್ ಎಂಬ ಲೈನ್‌ಮನ್ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಓಡಿ ಬಂದು ಗುದ್ದುವ ವೇಗ, ಇವು ಎಂಟನೇ ತರಗತಿಯಿಂದ ಆಡಿ ಮೈಗೂಡಿಸಿಕೊಂಡವರದು. ಕಾರ್ಡ್ ನೋಡಿ ಮಾಡುವ ಹುಡುಗ ಅದನ್ನು ಅರ್ಧ ವೇಗದಲ್ಲಿ ಮಾಡುತ್ತಾನೆ. ಡಿಫೆನ್ಸ್ ಕಲಿಯುವುದೂ ಅರ್ಧ ವೇಗಕ್ಕೆ. ಶುಕ್ರವಾರ ರಾತ್ರಿ ಪೂರ್ತಿ ವೇಗದಲ್ಲಿ ಬಂದಾಗ ಮೊದಲ ಎರಡು ಟಚ್‌ಡೌನ್ (ಚೆಂಡನ್ನು ಅಂಗಳದ ತುದಿ ದಾಟಿಸಿ ಗಳಿಸುವ ಅಂಕ) ಹೋದ ಮೇಲಷ್ಟೇ ಕಣ್ಣು ಹೊಂದಿಕೊಳ್ಳುತ್ತದೆ.

2008ರಲ್ಲಿ ಶ್ರೀಲಂಕಾದ ಸ್ಪಿನ್ನರ್ ಅಜಂತಾ ಮೆಂಡಿಸ್ ಬಂದಾಗ ನಮ್ಮವರ ಪಾಡು ಹೀಗೇ ಆಗಿತ್ತು. ಏಷ್ಯಾ ಕಪ್ ಫೈನಲ್‌ನಲ್ಲಿ 13 ರನ್‌ಗೆ 6 ವಿಕೆಟ್, ಅದರ ಬೆನ್ನಿಗೇ ಮೂರು ಟೆಸ್ಟ್‌ಗಳಲ್ಲಿ 26 ವಿಕೆಟ್. ಅಷ್ಟು ನೆಟ್ಟಗೆ ಆಡುವ ನಮ್ಮ ದ್ರಾವಿಡ್ ಅವನ ಮೊದಲ ಟೆಸ್ಟ್ ಬಲಿ. ನೆಟ್ಸ್‌ನಲ್ಲಿ ಆ ಕ್ಯಾರಂ ಬಾಲನ್ನು ಹಾಕಿ ತೋರಿಸುವವರು ಯಾರೂ ಇರಲಿಲ್ಲ. ಬ್ಯಾಟ್ಸ್‌ಮನ್‌ಗಳು ಬೆರಳು ಓದಲು ಕಲಿತ ಮೇಲೆ ಅವನ ಬೌಲಿಂಗ್‌ನ ಮೊನೆ ಮೊಂಡಾಯಿತು. ಅಫೆನ್ಸ್ ಪದ್ಧತಿಗೂ ಇಂಥದ್ದೇ ಆಯುಸ್ಸು. ಎಷ್ಟು ಶಾಲೆಗಳು ಅದನ್ನೇ ಹಿಡಿಯುತ್ತವೋ ಎದುರಾಳಿಗಳ ಸ್ಕೌಟ್ ಟೀಮ್ ಅಷ್ಟು ಚೆನ್ನಾಗಿ ಅದನ್ನು ಆಡಿ ತೋರಿಸುತ್ತದೆ.

ಆ ಆಯುಸ್ಸನ್ನು ಇನ್ನಷ್ಟು ಮೊಟಕು ಮಾಡಿದ್ದು ವಿಡಿಯೋ. ನೆಬ್ರಾಸ್ಕಾದ ಲಿಂಕನ್‌ನಲ್ಲಿ 2006ರಲ್ಲಿ ಹುಟ್ಟಿದ ಹಡ್ಲ್ ಕಂಪನಿಯ ತಂತ್ರಾಂಶ ಇಂದು ಬಹುಪಾಲು ಹೈಸ್ಕೂಲ್ ಕೋಚ್‌ಗಳ ಲ್ಯಾಪ್‌ಟಾಪಿನಲ್ಲಿದೆ. ಮೊದಲು ಎದುರಾಳಿ ಕೋಚ್‌ಗಳು ಶನಿವಾರ ಬೆಳಗ್ಗೆ ಯಾವುದೋ ಹೆದ್ದಾರಿ ಪಕ್ಕ ಭೇಟಿಯಾಗಿ ಟೇಪ್ ಅದಲುಬದಲು ಮಾಡಿಕೊಳ್ಳಬೇಕಿತ್ತು. ಈಗ ಶುಕ್ರವಾರ ನಡುರಾತ್ರಿಯ ಹೊತ್ತಿಗೇ ಮೂರು ಪಂದ್ಯಗಳ ವಿಡಿಯೋ ಫೋನಿನಲ್ಲಿ. ಯಾವ ನಿಲುವಿನಿಂದ ಯಾವ ಆಟ ಎಷ್ಟು ಸಲ ಬಂತು ಎಂಬ ಪಟ್ಟಿಯೂ ಸಿದ್ಧ. ಚಿತ್ರ ಗೊತ್ತಾಗುವುದು ಬೇಗವಾಗಿದೆ. ಮೈಗೆ ಕಲಿಸಲು ಇರುವ ದಿನ ಮಾತ್ರ ಈಗಲೂ ಮೂರೇ.

ಹಳೆಯದು ಗೆದ್ದ ರಾತ್ರಿ

ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನ ಡಿ ಲಾ ಸಾಲ್ ಹೈಸ್ಕೂಲ್ 1992ರಿಂದ 2003ರವರೆಗೆ ಸತತ 151 ಪಂದ್ಯ ಗೆದ್ದಿತು. ಬಾಬ್ ಲಾಡಸೂರ್ ಕೋಚ್. ಸುತ್ತಲಿನ ಶಾಲೆಗಳು ಒಂದೊಂದಾಗಿ ಸ್ಪ್ರೆಡ್‌ನತ್ತ ಸರಿಯುತ್ತಿದ್ದಾಗ ಅವರು ಹಿಡಿದು ಕೂತದ್ದು ಯೋಮನ್ ಕಾಲದ ವೀರ್. ಲೈನ್‌ಮನ್‌ಗಳ ಮೊದಲ ಹೆಜ್ಜೆ ಎಲ್ಲರದೂ ಒಟ್ಟಿಗೆ ಬೀಳಬೇಕು ಎಂಬುದಕ್ಕೆ ಅಲ್ಲಿ ವರ್ಷಾನುಗಟ್ಟಲೆ ಸಾಧನೆ. ಒಂಬತ್ತನೇ ತರಗತಿಯಲ್ಲಿ ಸೇರಿದ ಹುಡುಗ ಹನ್ನೆರಡಕ್ಕೆ ಬರುವಷ್ಟರಲ್ಲಿ ಅದೇ ಹೆಜ್ಜೆಯನ್ನು ಸಾವಿರಾರು ಸಲ ಇಟ್ಟಿರುತ್ತಿದ್ದ.

2004ರ ಸೆಪ್ಟೆಂಬರ್ 4ರಂದು ಸಿಯಾಟಲ್‌ನಲ್ಲಿ ಆ ಸರಣಿ ಮುರಿಯಿತು. ಮುರಿದದ್ದು ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಹೈಸ್ಕೂಲ್, 39-20 ಅಂತರದಲ್ಲಿ. ಬೆಲ್‌ವ್ಯೂ ಆಡಿದ್ದು ವಿಂಗ್-ಟಿ. ಎಸೆತದ ಯುಗ ಬಂತು ಎಂದು ಎಲ್ಲರೂ ಬರೆಯುತ್ತಿದ್ದ ಹೊತ್ತಿನಲ್ಲಿ ದೇಶದ ಅತಿ ದೊಡ್ಡ ಗೆಲುವಿನ ಸರಣಿಯನ್ನು ಕಟ್ಟಿದ್ದೂ ಓಟದ ಪದ್ಧತಿ, ಕೆಡವಿದ್ದೂ ಓಟದ ಪದ್ಧತಿ. ಆ ಋತುವಿಗೆ ಡಿ ಲಾ ಸಾಲ್ ಬಹಳ ಮಂದಿ ಹಿರಿಯ ಆಟಗಾರರನ್ನು ಕಳೆದುಕೊಂಡಿತ್ತು ಎನ್ನುವುದನ್ನೂ ಸೇರಿಸಿಯೇ ಹೇಳಬೇಕು.

‘ಹೊಸದು’ ಎಂದು ಹೆಸರು ಮಾಡಿದವುಗಳ ಚರ್ಮ ಸ್ವಲ್ಪ ಕೆರೆದರೂ ಹಳೆಯದೇ ಕಾಣುತ್ತದೆ. ಅರ್ಕನ್ಸಾಸ್‌ನ ಹೈಸ್ಕೂಲ್ ಕೋಚ್ ಗಸ್ ಮಾಲ್ಜಾನ್ ಹಡಲ್ (ಪ್ರತಿ ಆಟಕ್ಕೂ ಮುನ್ನ ಗುಂಪುಗೂಡಿ ಮಾತಾಡಿಕೊಳ್ಳುವುದು) ಇಲ್ಲದೆ, ಎದುರಾಳಿಗೆ ಉಸಿರಾಡಲೂ ಬಿಡದೆ ಆಡಿಸುವ ಅಫೆನ್ಸ್‌ಗೆ ಪ್ರಸಿದ್ಧರಾದರು. 2005ರಲ್ಲಿ ಅವರ ಸ್ಪ್ರಿಂಗ್‌ಡೇಲ್ ತಂಡ 14ಕ್ಕೆ 14 ಗೆದ್ದು ರಾಜ್ಯ ಚಾಂಪಿಯನ್ ಆಯಿತು, ಮರುವರ್ಷ ಅವರು ಅರ್ಕನ್ಸಾಸ್ ವಿಶ್ವವಿದ್ಯಾಲಯದ ಅಫೆನ್ಸ್ ಕೋಚ್. ಆ ವೇಗದ ಕೆಳಗಿದ್ದ ಓಟದ ಆಟಗಳ ಬೇರು ಡೆಲವೇರ್‌ನ ವಿಂಗ್-ಟಿಯಲ್ಲಿತ್ತು. ವೇಗ ಹೊಸದು, ನಿಲುವು ಹೊಸದು, ಗಾರ್ಡ್ ಬಂದು ಗುದ್ದುವ ಕೋನ ಹಳೆಯದು.

ಕೆಲವೊಮ್ಮೆ ಹೊಸತನಕ್ಕೆ ಕಾನೂನೇ ಅಡ್ಡ ಬರುತ್ತದೆ. ಓಕ್‌ಲ್ಯಾಂಡ್ ನಗರದ ನಡುವೆ ದ್ವೀಪದಂತಿರುವ ಪೀಡ್‌ಮಾಂಟ್ ಎಂಬ ಪುಟ್ಟ ಊರಿನ ಹೈಸ್ಕೂಲ್ 2007ರಲ್ಲಿ ‘ಎ-11’ ಎಂಬ ಪದ್ಧತಿ ತಂದಿತು. 50ರಿಂದ 79ರವರೆಗಿನ ಅಂಕಿ ತೊಟ್ಟವರು ಎಸೆತ ಹಿಡಿಯುವಂತಿಲ್ಲ ಎಂಬುದು ನಿಯಮ. ಚೆಂಡು ಒದೆಯುವ ನಿಲುವಿಗೆ ಮಾತ್ರ ಆ ಅಂಕಿಗಳ ಕಟ್ಟುಪಾಡಿನಿಂದ ವಿನಾಯಿತಿ ಇತ್ತು. ಕೋಚ್ ಕರ್ಟ್ ಬ್ರಯನ್ ಮತ್ತು ಸ್ಟೀವ್ ಹಂಫ್ರೀಸ್ ಪಂದ್ಯವಿಡೀ ಅದೇ ನಿಲುವಿನಲ್ಲಿ ಆಡಿಸಿದರು. ಹನ್ನೊಂದರಲ್ಲಿ ಯಾರು ಹಿಡಿಯಬಹುದು, ಯಾರು ಹಿಡಿಯಬಾರದು ಎಂದು ಎದುರಾಳಿ ಎಣಿಸುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ದೊಡ್ಡ ಮೈಯ ಹುಡುಗರಿಲ್ಲದ ಶಾಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. 2009ರ ಫೆಬ್ರುವರಿಯಲ್ಲಿ ಎನ್‌ಎಫ್‌ಎಚ್‌ಎಸ್ ಆ ಸಂದನ್ನು ಮುಚ್ಚಿತು. ಮುಚ್ಚಿದ್ದು ತಪ್ಪೆಂದು ನನಗನಿಸುವುದಿಲ್ಲ. ವಾರದ ರಜೆಯಲ್ಲಿ ಪುಡಿಗಾಸಿಗೆ ಬಂದು ಪಂದ್ಯ ನಡೆಸಿಕೊಡುವ ಅಂಪೈರ್‌ಗಳು ಪ್ರತಿ ಆಟಕ್ಕೂ ಹನ್ನೊಂದು ಜನರ ಅರ್ಹತೆ ನೆನಪಿಡಬೇಕೆಂದರೆ ಆಟ ಸಾಗುವುದು ಕಷ್ಟ.

ಬಿಲ್ ಯಾರ ಹೆಸರಿಗೆ

ಬದಲಾವಣೆಯ ಸುದ್ದಿಯಲ್ಲಿ ಬರುವುದು ಕ್ವಾರ್ಟರ್‌ಬ್ಯಾಕ್‌ನ ಫೋಟೊ. ನಿಜವಾಗಿ ಬೆಲೆ ತೆರುವವರು ಮೂರು ಗುಂಪಿನವರು.

ಮೊದಲನೆಯವರು ಲೈನ್‌ಮನ್‌ಗಳು. ಓಟದ ಪದ್ಧತಿಯಲ್ಲಿ ಅವನು ಒಂದು ಕೈ ನೆಲಕ್ಕೂರಿ ಬಾಗಿ ನಿಂತು ಮುಂದಕ್ಕೆ ನುಗ್ಗುತ್ತಾನೆ, ಆಕ್ರಮಣ ಅವನದೇ. ಎಸೆತದ ಪದ್ಧತಿಯಲ್ಲಿ ಎದ್ದು ನಿಂತು, ಹಿಂದಕ್ಕೆ ಹೆಜ್ಜೆ ಹಾಕುತ್ತ, ನುಗ್ಗಿ ಬರುವವನನ್ನು ತಡೆದು ನಿಲ್ಲಿಸಬೇಕು. ಸೊಂಟ, ಪಾದ, ಕೈ ಎಲ್ಲದರ ಕೆಲಸ ಬೇರೆ. ಕ್ವಾರ್ಟರ್‌ಬ್ಯಾಕ್ ಹೊಸ ಆಟಗಳ ಹೆಸರನ್ನು ಬೇಸಿಗೆಯಲ್ಲೇ ಬಾಯಿಪಾಠ ಮಾಡಿಯಾನು, ಈ ಹೆಜ್ಜೆ ಒಂದು ಬೇಸಿಗೆಯಲ್ಲಿ ಬರುವುದಿಲ್ಲ. ಮೊದಲ ವರ್ಷ ಹೊಸ ಸ್ಪ್ರೆಡ್ ತಂಡಗಳ ಕ್ವಾರ್ಟರ್‌ಬ್ಯಾಕ್ ಅಷ್ಟೊಂದು ಸಲ ನೆಲಕ್ಕುರುಳುವುದು ಇದಕ್ಕೇ. ಬೈಗುಳ ಮಾತ್ರ ಪದ್ಧತಿಗೆ.

ಎರಡನೆಯವರು ಜಾಗ ಕಳೆದುಕೊಳ್ಳುವ ಹುಡುಗರು. ಸ್ಪ್ರೆಡ್ ಬಂದರೆ ನಡುವೆ ನುಗ್ಗುವ ಫುಲ್‌ಬ್ಯಾಕ್ ಎಂಬ ಹುದ್ದೆಯೇ ಇರುವುದಿಲ್ಲ, ಲೈನ್‌ಮನ್‌ಗಳ ಪಕ್ಕ ನಿಲ್ಲುವ ಟೈಟ್ ಎಂಡ್ ಕೂಡ ಹೆಚ್ಚಾಗಿ ಬೆಂಚಿಗೆ. ವಿಂಗ್-ಟಿ ಬಂದರೆ ನಾಲ್ವರು ರಿಸೀವರ್‌ಗಳಲ್ಲಿ ಇಬ್ಬರು ಮೂವರು ಕೈ ಖಾಲಿ. ಮುಂದಿನ ವರ್ಷ ಹೊಂದಿಕೊಂಡರಾಯಿತು ಎಂದು ಹತ್ತನೇ ತರಗತಿಯವನಿಗೆ ಹೇಳಬಹುದು. ಹನ್ನೆರಡನೇ ತರಗತಿಯವನಿಗೆ ಮುಂದಿನ ವರ್ಷವೇ ಇಲ್ಲ. ಕಾಲೇಜಿನವರ ಕಣ್ಣಿಗೆ ಬೀಳಬೇಕೆಂದು ಮೂರು ವರ್ಷ ದುಡಿದ ಹುಡುಗನಿಗೆ ಕೋಚ್ ಬದಲಾವಣೆ ವಿಧಿಯಂತೆ ಬಂದೆರಗುತ್ತದೆ.

ಮೂರನೆಯವರು ಡಿಫೆನ್ಸ್‌ನವರು. ಇವರಿಗೂ ಅಫೆನ್ಸ್ ಬದಲಾವಣೆಗೂ ಏನು ಸಂಬಂಧ ಎನ್ನಿಸಬಹುದು. ಓಟದ ತಂಡ ನಿಧಾನವಾಗಿ ಆಡಿ ಗಡಿಯಾರ ತಿನ್ನುತ್ತದೆ, ಅಷ್ಟು ಹೊತ್ತು ಅದರ ಡಿಫೆನ್ಸ್ ಕೂತು ನೀರು ಕುಡಿಯುತ್ತದೆ. ಎಸೆತ ಹಿಡಿಯದಿದ್ದರೆ ಗಡಿಯಾರ ನಿಲ್ಲುತ್ತದೆ. ಮೂರು ಎಸೆತ ತಪ್ಪಿದರೆ ಅರ್ಧ ನಿಮಿಷದಲ್ಲಿ ಡಿಫೆನ್ಸ್ ಮತ್ತೆ ಅಂಗಳಕ್ಕೆ. ಸಣ್ಣ ಶಾಲೆಗಳಲ್ಲಿ ಎರಡೂ ಕಡೆ ಆಡುವವರು ಅದೇ ಹುಡುಗರು. ಟಿವಿಯಲ್ಲಿ ಕಾಲೇಜು ಆಟ ನೋಡಿ ಹಡಲ್ ಇಲ್ಲದ ವೇಗದ ಅಫೆನ್ಸ್ ತಂದ ಇಪ್ಪತ್ತೈದು ಹುಡುಗರ ಶಾಲೆ ಎದುರಾಳಿಗಿಂತ ಮೊದಲು ತನ್ನವರನ್ನೇ ದಣಿಸುತ್ತದೆ. ಈ ತಪ್ಪು ಕೋಚ್‌ದೇ. ಎಂಬತ್ತು ಮಂದಿ ಇರುವ ತಂಡದ ಊಟವನ್ನು ಇಪ್ಪತ್ತೈದು ಮಂದಿಯ ತಂಡಕ್ಕೆ ಬಡಿಸಲಾಗದು.

ಪದ್ಧತಿ ಒಂದೆಡೆ ಗೆದ್ದಿತೆಂದರೆ ಹೋದಲ್ಲೆಲ್ಲ ಗೆಲ್ಲುತ್ತದೆ ಎನ್ನುವವರು ಕೆವಿನ್ ಕೆಲ್ಲಿಯ ಕಥೆ ನೋಡಬೇಕು. ಅರ್ಕನ್ಸಾಸ್‌ನ ಲಿಟ್ಲ್ ರಾಕ್‌ನ ಪುಲಾಸ್ಕಿ ಅಕಾಡೆಮಿಯಲ್ಲಿ ಅವರು ನಾಲ್ಕನೇ ಅವಕಾಶದಲ್ಲೂ ಬಹುಮಟ್ಟಿಗೆ ಚೆಂಡನ್ನು ಒದ್ದು ದೂರ ಕಳಿಸದೆ ಆಡಿದವರು. ಒದ್ದು ಎದುರಾಳಿಗೆ ಚೆಂಡು ಒಪ್ಪಿಸುವುದು ಲೆಕ್ಕದಲ್ಲಿ ನಷ್ಟ ಎಂಬ ವಾದ ಅವರದು. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್‌ರ ಅಧ್ಯಯನವೂ ಆ ಕಡೆಗೇ ಇತ್ತು. ಒಂಬತ್ತು ರಾಜ್ಯ ಪ್ರಶಸ್ತಿ ಬಂತು. 2021ರಲ್ಲಿ ಅದೇ ಆಟವನ್ನು ಸೌತ್ ಕ್ಯಾರೊಲೈನಾದ ಪ್ರೆಸ್ಬಿಟೀರಿಯನ್ ಕಾಲೇಜಿಗೆ ಒಯ್ದರು. 11ರಲ್ಲಿ ಎರಡು ಗೆಲುವು, ಒಂಬತ್ತು ಸೋಲು, ಒಂದೇ ಋತುವಿಗೆ ವಿದಾಯ. ಪುಲಾಸ್ಕಿಯಲ್ಲಿ ಅವರ ಹುಡುಗರು ಎದುರಾಳಿಗಳಿಗೆ ಸಮನಾಗಿಯೋ ಮೇಲಾಗಿಯೋ ಇದ್ದರು, ಪದ್ಧತಿ ಅದರ ಮೇಲಿನ ಲಾಭ. ಕಾಲೇಜಿನಲ್ಲಿ ಆ ಬುಡವೇ ಇರಲಿಲ್ಲ.

ಡಲ್ಲಾಸ್, ಆಸ್ಟಿನ್, ಬೇ ಏರಿಯಾಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಶುಕ್ರವಾರ ರಾತ್ರಿಯ ದೀಪ ಪರಕೀಯವಲ್ಲ. ಮಗ ಆಡದಿದ್ದರೂ ಮಗಳು ಮಾರ್ಚಿಂಗ್ ಬ್ಯಾಂಡಿನಲ್ಲಿರುತ್ತಾಳೆ. ಪೋಷಕರ ಸಭೆಯಲ್ಲಿ ಹೊಸ ಕೋಚ್ ಹೊಸ ಅಫೆನ್ಸ್‌ನ ವಿಡಿಯೋ ತೋರಿಸುವಾಗ ಎಷ್ಟು ಪಾಯಿಂಟ್ ಹೊಡೆಯುತ್ತೀರಿ ಎಂದು ಕೇಳುವವರೇ ಹೆಚ್ಚು. ಅದಕ್ಕೆ ಕೋಚ್ ಬಳಿಯೂ ಉತ್ತರವಿಲ್ಲ. ಕೇಳಬೇಕಾದದ್ದು: ಒಂಬತ್ತನೇ ತರಗತಿಯ ತಂಡವೂ ಇದನ್ನೇ ಆಡುತ್ತದೆಯೇ? ಊರಿನ ಮಿಡ್ಲ್ ಸ್ಕೂಲ್ ಕೋಚ್‌ಗಳಿಗೆ ಇದನ್ನು ಕಲಿಸಿದ್ದೀರಾ? ಲೈನ್‌ಮನ್‌ಗಳಿಗೆ ಕಲಿಸುವವರು ಈ ಪದ್ಧತಿಯಲ್ಲಿ ಹಿಂದೆ ಕೆಲಸ ಮಾಡಿದ್ದಾರಾ? ನಮ್ಮ ಲೀಗಿನಲ್ಲಿ ಇನ್ನೆಷ್ಟು ಶಾಲೆಗಳು ಇದನ್ನು ಆಡುತ್ತವೆ? ಮೊದಲ ಮೂರಕ್ಕೆ ಹೌದು ಎಂದು ಬಂದು, ನಾಲ್ಕನೆಯದಕ್ಕೆ ಯಾರೂ ಇಲ್ಲ ಎಂದು ಬಂದರೆ, ಮೊದಲ ವರ್ಷ ಮೂರೇ ಪಂದ್ಯ ಗೆದ್ದರೂ ಆ ಕೋಚ್‌ಗೆ ಇನ್ನೆರಡು ವರ್ಷ ಕೊಡಬಹುದು. ನಾಲ್ಕನೆಯದಕ್ಕೆ ಎಲ್ಲರೂ ಎಂದು ಬಂದರೆ, ತಂಡ ಬದಲಿಸಿಕೊಂಡದ್ದು ಜೆರ್ಸಿಯ ಬಣ್ಣಕ್ಕಿಂತ ತುಸು ಹೆಚ್ಚು ಅಷ್ಟೇ. ಶುಕ್ರವಾರ ಎದುರಾಗುವವರು ಅದನ್ನು ಸೋಮವಾರದಿಂದ ತಮ್ಮ ಅಂಗಳದಲ್ಲೇ ನೋಡುತ್ತಿರುತ್ತಾರೆ.